ಮಾವನ ಒಂದು, ಎರಡು, ಮೂರು

ನಮ್ಮ ಸೋದರಮಾವನಿಗೆ ‘ಇದು ಬೇಕು’ ಎಂದು ಕೇಳಲು ಬರುವುದಿಲ್ಲ! ವಯಸ್ಸು ಎಪ್ಪತ್ತು ದಾಟಿತು. ಚಿನ್ನದ ಗಣಿ ಊರಿನ ನಂದಿದುರ್ಗದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಕನ್ನಡ, ತೆಲುಗು, ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ಆದರೆ ‘ಒಂದು ಲೋಟ ಕಾಫಿ ಕೊಡಮ್ಮ’ ಎನ್ನುವ ಮಾತು ಮೂರರಲ್ಲಿ ಯಾವ ಭಾಷೆಯಲ್ಲೂ ಅವರ ಬಾಯಿಂದ ಹೊರಡುವುದಿಲ್ಲ.

ಅವರ ಊರಿನ ಕೋರಮಂಡಲ್ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ಹತ್ತಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಕಾಮಸಮುದ್ರದ ಬಸ್ಸು ಹಿಡಿದು, ನಮ್ಮ ಊರ ಗೇಟಿನಲ್ಲಿ ಇಳಿದು, ಜಗಲಿಯ ಮೇಲೆ ಟವೆಲ್ಲು ಹಾಸಿ ಕೂತು ಅವರು ಹೇಳುವುದು ಹೀಗೆ: “ಒಂದನೇ ಪ್ರಾಶಸ್ತ್ಯ ಕಾಫಿ. ಎರಡನೇದು ಮಜ್ಜಿಗೆ. ಮೂರನೇದು ನೀರು. ನಿಧಾನಕ್ಕೆ ಎಣಿಸ್ಕೊಂಡು ಕೊಡಮ್ಮಯ್ಯ, ಅವಸರ ಇಲ್ಲ.”

ನಾನು ಎರಡು ಸೀಮೆಹಸು ಕಟ್ಟಿಕೊಂಡವಳು. ಏಳು ಗಂಟೆಯೊಳಗೆ ಡೈರಿಗೆ ಹಾಲು ಹಾಕಿ ಬರಬೇಕು, ಸಗಣಿ ಬಾಚಬೇಕು, ರಾಗಿ ಹಿಟ್ಟು ಮುಗಿದಿದೆಯೋ ನೋಡಬೇಕು. ಕಾಫಿಯ ಮತ ಎಣಿಸುತ್ತ ಕೂರಲು ನನಗೆಲ್ಲಿ ಪುರುಸೊತ್ತು? ಒಂದು ದಿನ ಮೂರನ್ನೂ ಒಟ್ಟಿಗೆ ತಟ್ಟೆಯಲ್ಲಿಟ್ಟು ತಂದೆ. ಮಾವನ ಮುಖ ಸಣ್ಣದಾಯಿತು.

“ಎಲ್ರೂ ಗೆದ್ಬುಟ್ರೆ ವಿರೋಧ ಪಕ್ಷದಲ್ಲಿ ಕೂರೋರು ಯಾರಮ್ಮ?”

ಈ ಹುಚ್ಚು ಹಿಡಿದದ್ದು ಅವರು ಮೇಷ್ಟ್ರಾಗಿ ಸೇರಿದ ಹೊಸದರಲ್ಲಿ. ನಾವು ಶಾಸಕರನ್ನು ಆರಿಸುವಾಗ ಒಬ್ಬೊಬ್ಬರಿಗೆ ಒಂದೊಂದು ಮತ, ಎಲ್ಲರಿಗಿಂತ ಹೆಚ್ಚು ಬಿದ್ದವನು ಗೆದ್ದ, ಅಷ್ಟೇ. ಆದರೆ ಮೇಲ್ಮನೆಗೆ ಶಿಕ್ಷಕರು, ಪದವೀಧರರು ಮತ ಹಾಕುವಾಗ ಹಾಗಲ್ಲವಂತೆ. ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವನನ್ನು ಹೊರಗಿಟ್ಟು, ಅವನಿಗೆ ಬಿದ್ದ ಚೀಟಿಗಳನ್ನು ಅವುಗಳಲ್ಲಿ ಎರಡನೆಯದಾಗಿ ಬರೆದವನಿಗೆ ದಾಟಿಸುತ್ತಾರೆ. ಹೀಗೆ ಒಬ್ಬರು ಅರ್ಧ ದಾಟುವವರೆಗೂ ಎಣಿಕೆ ನಡೆಯುತ್ತದೆ. ಮಾವ ಒಂದು ಸಲ ಆ ಎಣಿಕೆಯ ಡ್ಯೂಟಿಗೆ ಹೋದವರು, ಎರಡು ಸಲ ಉಪ್ಪಿಟ್ಟು ತಿಂದು, ಕಣ್ಣು ಕೆಂಪಗೆ ಮಾಡಿಕೊಂಡು, ಸಾಕ್ಷಾತ್ಕಾರವಾದವರಂತೆ ಮನೆಗೆ ಬಂದರು. ಅಂದಿನಿಂದ ಅವರ ಅಂಗಿಯ ಜೇಬಿನಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ನು ತಪ್ಪಿದ್ದಿಲ್ಲ. ಆ ಮತಕ್ಕೆ ನೇರಳೆ ಪೆನ್ನೇ ಆಗಬೇಕಂತೆ. ಒಗೆಯುವಾಗ ಕ್ಯಾಪು ಕಳಚಿ ಮಾವನ ಹೆಂಡತಿ ನಮ್ಮತ್ತೆಯ ತಿಳಿಬಣ್ಣದ ಸೀರೆಗಳೆಲ್ಲ ನೇರಳೆಯಾದದ್ದು ಬೇರೆ ಪ್ರಕರಣ.

“ವಿಧಾನಸಭೆಗೂ ಇದೇ ಬರಬೇಕು” ಎಂದು ಪ್ರತಿ ಚುನಾವಣೆಗೂ ಸರ್ಕಾರಕ್ಕೆ ಅರ್ಜಿ ಬರೆಯುತ್ತಾರೆ. “ನೂರು ಜನದಲ್ಲಿ ಮೂವತ್ತೈದು ಜನ ಒಪ್ಪಿದೋನು ಗೆದ್ದೆ ಅಂತ ಆರ ಆಕ್ಕೊಂಡ್ರೆ, ಮಿಕ್ಕ ಅರವತ್ತೈದು ಜನ ಕಡ್ಲೆಪುರಿ ತಿನ್ನಕ್ಕೆ ಬಂದಿದ್ರಾ?”

ಕೇಳಲು ಸರಿಯಾಗಿಯೇ ಇದೆ, ಅಲ್ಲವೇ? ತೊಂದರೆ ಏನೆಂದರೆ ಮಾವ ಕಾನೂನು ಬರುವವರೆಗೂ ಕಾಯುವವರಲ್ಲ. ಕಳೆದ ಸಲ ಮತಗಟ್ಟೆಯಲ್ಲಿ ಯಂತ್ರದ ಮುಂದೆ ನಿಂತವರು ಹೊರಗೆ ಬರಲೇ ಇಲ್ಲ. ಸಾಲು ಬೆಳೆಯಿತು. ಒಳಗಿಂದ ಗುಂಡಿ ಒತ್ತುವ ಸದ್ದು ಮಾತ್ರ, ಟಕ್, ಟಕ್.

“ಮೇಷ್ಟ್ರೇ, ಆಯ್ತಾ?” ಎಂದರು ಅಧಿಕಾರಿ.

“ಒಂದನೇದು ಆಯ್ತು. ಎರಡನೇದು ಒತ್ತಿದ್ರೆ ಕೂಗ್ತಾ ಇಲ್ಲ.”

“ಎರಡನೇದು ಇರಲ್ಲ ಸಾರ್!”

“ಇರಲ್ಲ ಅಂದ್ರೆ? ನನ್ನ ಮನಸ್ಸಲ್ಲಿ ಐತಲ್ಲ!”

ಕೊನೆಗೆ ಕಾಗದ ಪೆನ್ನು ಕೇಳಿ, ‘ನನ್ನ ಎರಡನೇ ಮತ್ತು ಮೂರನೇ ಪ್ರಾಶಸ್ತ್ಯಗಳು ಯಂತ್ರದ ಹೊರಗೆ ಉಳಿದಿವೆ’ ಎಂದು ನೇರಳೆ ಬಣ್ಣದಲ್ಲಿ ಬರೆದುಕೊಟ್ಟು ಬಂದರಂತೆ.

ಮತ ಕೇಳಲು ಮನೆಗೆ ಬಂದ ಅಭ್ಯರ್ಥಿಯೊಬ್ಬರನ್ನೂ ಬಿಡಲಿಲ್ಲ. ಪಾಪ, ಅವರು ಬಾಗಿ ಕಾಲು ಮುಟ್ಟಿ ಏಳುವಷ್ಟರಲ್ಲಿ ಮಾವ ಕೇಳಿದರು: “ನಿಮಗೆ ಒಂದನೇದು ಕೊಡ್ತೀನಪ್ಪ. ನಿಮ್ಮನ್ನು ಬಿಟ್ರೆ ಯಾರು ಒಳ್ಳೇರು? ಅದನ್ನ ಯೋಳಿ.”

ಅಭ್ಯರ್ಥಿ ಹಿಂದೆ ನಿಂತವರ ಮುಖ ನೋಡಿದರು. ಬೆವರು ಒರೆಸಿಕೊಂಡರು. “ನನ್ನ ಬಿಟ್ರೆ... ನಮ್ಮ ಮನೆಯೋರು ಸಾರ್.”

“ಅವ್ರು ನಿಂತವ್ರಾ?”

“ಮುಂದಿನ ಸಲ!”

ಅತ್ತೆ ಇದನ್ನೆಲ್ಲ ಹೇಗೆ ಸಹಿಸಿದರು ಎಂದು ನೀವು ಕೇಳಬಹುದು. ಸಹಿಸಲಿಲ್ಲ, ಕಲಿತುಕೊಂಡರು. ಮಾವ ಬೆಳಿಗ್ಗೆ ಎದ್ದು ಅಡುಗೆಮನೆಯ ಬಾಗಿಲ ಹಿಂದೆ ಚೀಟಿ ಅಂಟಿಸುತ್ತಾರೆ: ಒಂದು, ಬಸ್ಸಾರು. ಎರಡು, ಹುರುಳಿಕಾಳು ಸಾರು. ಮೂರು, ಮಜ್ಜಿಗೆ ಅನ್ನ. ಮಧ್ಯಾಹ್ನ ಎಲೆಯ ಮುಂದೆ ಅತ್ತೆ ಫಲಿತಾಂಶ ಪ್ರಕಟಿಸುತ್ತಾರೆ: “ಸೊಪ್ಪು ಬಾಡೋಗಿತ್ತು, ಬಸ್ಸಾರು ಸೋತೋಯ್ತು. ಉಳ್ಳಿಕಾಳಿಗೆ ಉಳ ಬಿದ್ದು ಅದೂ ಓಯ್ತು. ಮೂರನೇದು ಗೆದ್ದೈತೆ, ಚಪ್ಪಾಳೆ ತಟ್ಕೊಂಡು ತಿನ್ನಿ!” ಅವರ ಮದುವೆಯಾಗಿ ನಲವತ್ತು ವರ್ಷ ಮೇಲಾಯಿತು, ಆ ಮನೆಯಲ್ಲಿ ಬಸ್ಸಾರು ಗೆದ್ದದ್ದನ್ನು ನಾನು ನಾಲ್ಕೈದು ಸಲ ನೋಡಿದ್ದೇನೆ.

ನನ್ನ ಮದುವೆಯೂ ಹೀಗೇ ಆದದ್ದು. ಮೂರು ಗಂಡುಗಳು ಬಂದು ನೋಡಿಕೊಂಡು ಹೋಗಿದ್ದವು. ಮಾವ ನನ್ನನ್ನು ಹಿತ್ತಲಿಗೆ ಕರೆದು, ಕಾಗದ ಮತ್ತು ನೇರಳೆ ಪೆನ್ನು ಕೊಟ್ಟು, ತಾವು ಆ ಕಡೆ ತಿರುಗಿ ನಿಂತರು. ಮನೆಯಲ್ಲಿ ನನ್ನ ಇಷ್ಟ ಕೇಳಿದವರು ಅವರೊಬ್ಬರೇ ಎನ್ನುವುದನ್ನೂ ಹೇಳಿಬಿಡುತ್ತೇನೆ. ನಾನು ಬರೆದೆ. ಆದರೆ ನನ್ನ ಒಂದನೇ ಪ್ರಾಶಸ್ತ್ಯದವರು ಆ ತಿಂಗಳಲ್ಲೇ ಬೇರೊಬ್ಬಳ ಒಂದನೇ ಪ್ರಾಶಸ್ತ್ಯವಾಗಿ ಮುಳಬಾಗಿಲ ಕಡೆ ಹೊರಟುಹೋದರು! ಎರಡನೆಯವರು ಗೆದ್ದರು. ಅವರೇ ನಮ್ಮ ಯಜಮಾನರು. ಈ ವಿಷಯವನ್ನು ಮಾವ ಮದುವೆ ಊಟದಲ್ಲಿ ಸಂತೋಷದಿಂದ ಅವರಿಗೇ ಹೇಳಿಬಿಟ್ಟರು. ಇವತ್ತಿಗೂ ಸಾರಿಗೆ ಉಪ್ಪು ಕಡಿಮೆಯಾದರೆ ನಮ್ಮವರು ಹೇಳುವುದು ಒಂದೇ: “ಓಗು, ನಿನ್ನ ಒಂದನೇ ಪ್ರಾಶಸ್ತ್ಯದ ಮನೇಲಿ ಒಂದು ಇಡಿ ಉಪ್ಪು ಇಸ್ಕೊಂಡು ಬಾ!”

ಮಾವನಿಗೆ ಈ ವಿಷಯದಲ್ಲಿ ಒಬ್ಬರೇ ಸರಿಸಮಾನ ವಿರೋಧಿ, ಅವರ ಗಣಿ ಕಾಲೊನಿಯ ಸಾಲುಮನೆಗಳಲ್ಲಿ ಪಕ್ಕದ ಲೈನಿನ ವೈಂಡರ್ ಅಣ್ಣ. ಗಣಿ ನಡೆಯುತ್ತಿದ್ದಾಗ ಆಳುಗಳನ್ನು ಭೂಮಿಯೊಳಗೆ ಇಳಿಸಿ ಹತ್ತಿಸುವ ಎಂಜಿನ್ ಓಡಿಸುತ್ತಿದ್ದವರು. ತೂಕದ ಮನುಷ್ಯ, ಮಾತೂ ಹಾಗೇ, ಹಗ್ಗ ಬಿಟ್ಟಂತೆ ನಿಧಾನಕ್ಕೆ ಇಳಿಸುತ್ತಾರೆ. ಸ್ಟೇಷನ್ ಮುಂದಿನ ಟೀ ಅಂಗಡಿಯಲ್ಲಿ ಇಬ್ಬರ ಜಗಳ ನಾನೂ ಒಂದು ದಿನ ನೋಡಿದೆ. ತಮಿಳು ಬೆರೆಸಿ ಶುರು ಮಾಡಿದವರು ವೈಂಡರ್ ಅಣ್ಣ.

“ಎನ್ನ ಸಾರ್, ಓಟದ ಪಂದ್ಯದಲ್ಲಿ ಮುಂದೆ ಓಡಿದವನಿಗೇ ಕಪ್ಪು. ಕೊನೇಲಿ ಬಂದವನ ಕಾಲು ಕಿತ್ತು ಎರಡನೆಯವನಿಗೆ ಜೋಡಿಸ್ತಾರಾ?”

“ಓಟ ಬೇರೆ, ವೋಟು ಬೇರೆ ಕಣಯ್ಯ! ಎಲ್ಲರಿಗೂ ಒಪ್ಪಿಗೆಯಾದೋನು ಗೆಲ್ಲಬೇಕು ಅಂತ ತಾನೇ ನಾನು ಯೋಳೋದು?”

ವೈಂಡರ್ ಅಣ್ಣ ಮೂರು ಖಾಲಿ ಲೋಟಗಳನ್ನು ಎಳೆದುಕೊಂಡು ಬೆಂಚಿನ ಮೇಲೆ ಸಾಲಾಗಿ ಇಟ್ಟರು. “ಸರಿ ಸಾರ್. ಇಲ್ಲಿ ಹತ್ತು ಜನ ಇದ್ದೀವಿ ಅಂತ ಇಟ್ಕೊಳ್ಳಿ. ಐದು ಜನಕ್ಕೆ ಕಾಫಿ ಬೇಕು, ಟೀ ಆಗಲ್ಲ. ಐದು ಜನಕ್ಕೆ ಟೀ ಬೇಕು, ಕಾಫಿ ಆಗಲ್ಲ. ಹತ್ತು ಜನಕ್ಕೂ ಎರಡನೇದು ಬಾದಾಮಿ ಹಾಲು. ಅದನ್ನ ಕೊಟ್ರೆ ಒಬ್ಬನಿಗೂ ಬೇಜಾರಿಲ್ಲ. ಆದರೆ ನಿಮ್ಮ ಎಣಿಕೇಲಿ ಮೊದಲು ಮೋರಿಗೆ ಚೆಲ್ಲೋದು ಯಾವುದನ್ನ? ಒಂದನೇದು ಯಾರೂ ಹಾಕಿಲ್ವಲ್ಲ, ಬಾದಾಮಿ ಹಾಲನ್ನ!”

ಹೀಗೆಂದು ಮೂರನೇ ಲೋಟವನ್ನು ಬೋರಲು ಹಾಕಿದರು. ಮಾವ ಅದನ್ನೇ ನೋಡುತ್ತ ಕೂತರು. ಆಮೇಲೆ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, “ಅಂಗಾಗೋದು ಲಕ್ಷಕ್ಕೆ ಒಂದು ಸಲ” ಎಂದು ಎದ್ದರು.

ಆ ಲಕ್ಷಕ್ಕೆ ಒಂದು ಸಲ ನಮ್ಮ ಮನೆಯಲ್ಲೇ ಬರಬೇಕೆ?

ನನ್ನ ಮಗಳ ಕೂಸಿಗೆ ಹನ್ನೊಂದು ತಿಂಗಳಾಯಿತು. ಕಿವಿ ಚುಚ್ಚಿಸಬೇಕು. ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಚುಚ್ಚಿಸಬೇಕು. ನನ್ನ ಮಗಳಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ, ಕೂಸಿಗೆ ಸೋದರಮಾವ ಯಾರು? ನಮ್ಮಕ್ಕ, “ನನ್ನ ಮಗ ಇಲ್ವಾ?” ಎಂದಳು. ನಮ್ಮವರ ತಮ್ಮ, “ನನ್ನ ಮಗ ಏನು ಓದ ಬಂದ ದಾರಿಹೋಕನಾ?” ಎಂದ. ಎರಡೂ ಸಂಬಂಧ ಸರಿಯೇ. ಎರಡೂ ಮನೆಯವರು ಫೋನಿನಲ್ಲಿ ಕೂಗಾಡಿ, ಕಾರ್ಯಕ್ಕೇ ಬರುವುದಿಲ್ಲ ಎನ್ನುವವರೆಗೂ ಹೋಯಿತು.

ಆದರೆ ಹಳೆಯ ತೊಡೆ ಒಂದಿತ್ತಲ್ಲ! ನನ್ನ ಕಿವಿ ಚುಚ್ಚಿದ್ದು ಮಾವನ ತೊಡೆಯ ಮೇಲೆ. ಅಕ್ಕನದೂ ಅಲ್ಲೇ. ನಮಗೂ ಅಣ್ಣತಮ್ಮಂದಿರಿಲ್ಲವೆಂದು ನನ್ನ ಮಗಳದೂ ಅಲ್ಲೇ. ಮಗಳ ಕಿವಿ ಚುಚ್ಚುವಾಗ ನಾನು ಪಕ್ಕದಲ್ಲೇ ಇದ್ದೆ. “ಮೂರು ಎಣಿಸ್ತೀನಿ, ಮೂರಕ್ಕೆ ಚುಚ್ತಾರೆ, ಎದರ್ಕೋಬೇಡ” ಎಂದು ಮಾವ ಅವಳಿಗೆ ಹೇಳಿದರು. ಒಂದು ಎಂದರು, ಎರಡು ಎನ್ನುವಷ್ಟರಲ್ಲಿ ಅಕ್ಕಸಾಲಿ ಚುಚ್ಚಿಬಿಟ್ಟ! ಅದು ಇಬ್ಬರ ಒಳಒಪ್ಪಂದ. ಮೂರು ಎನ್ನುವ ಹೊತ್ತಿಗೆ ಮಗುವಿನ ಬಾಯಲ್ಲಿ ಕಲ್ಲುಸಕ್ಕರೆ. ಮಾವನಿಗೆ ಮಕ್ಕಳಿಲ್ಲ. ನಮ್ಮ ಕಿವಿಗಳೇ ಅವರ ಸಂಸಾರ.

ಈ ಸಲವೂ ತಮ್ಮ ತೊಡೆಯೇ ಆಗಲಿ ಎಂದು ಮಾವ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಲು ಬರುವುದಿಲ್ಲವಲ್ಲ! ಅತ್ತೆ ಫೋನು ಮಾಡಿದರು: “ಮೂರು ದಿನದಿಂದ ದಿಂಬನ್ನ ತೊಡೆ ಮ್ಯಾಲೆ ಕೂರಿಸ್ಕೊಂಡವ್ರೆ ಕಣಮ್ಮಯ್ಯ. ಎಷ್ಟೊತ್ತಿಗೆ ಕಾಲು ಜೋಮು ಇಡೀತದೆ ಅಂತ ಗಡಿಯಾರ ನೋಡ್ಕೊಂಡು ಬರ್ಕೊಳ್ತಾವ್ರೆ. ನಿನ್ನೆ ದಿಂಬಿಗೆ ಕಲ್ಲುಸಕ್ಕರೆ ಕೊಡಕ್ಕೆ ಓದ್ರು!”

ಜಗಳ ಬಗೆಹರಿಸಲು ಒಂದೇ ದಾರಿ, ಚುನಾವಣೆ ಎಂದರು ಮಾವ. ಪ್ರಾಶಸ್ತ್ಯದ ಮತ, ಮೂವರು ಅಭ್ಯರ್ಥಿಗಳು: ಅಕ್ಕನ ಮಗ, ಮೈದುನನ ಮಗ, ಮಾವ. ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರು. ಕೊಟ್ಟಿಗೆಯೇ ಮತಗಟ್ಟೆ. ತೊಳೆದ ಹಾಲಿನ ಕ್ಯಾನೇ ಪೆಟ್ಟಿಗೆ. ಕಂಬಕ್ಕೆ ದಾರ ಕಟ್ಟಿ ನೇರಳೆ ಪೆನ್ನು ತೂಗಿಬಿಟ್ಟರು. ವೀಕ್ಷಕರಾಗಿ ವೈಂಡರ್ ಅಣ್ಣನೂ ಬಂದು ಕುರ್ಚಿಯಲ್ಲಿ ಕೂತರು.

“ಸಾರ್, ಅಭ್ಯರ್ಥೀನೂ ನೀವೇ, ಅಧಿಕಾರೀನೂ ನೀವೇ. ಇದು ನ್ಯಾಯನಾ?”

ಮಾವ ಒಪ್ಪಿಕೊಂಡರು. “ಸರಿ. ನಾನು ಮತ ಆಕಲ್ಲ.” ಅಲ್ಲಿಗೆ ನಿಂತರೆ? “ಕೂಸಿನ ಅಪ್ಪ ಅಮ್ಮನೂ ಆಕಂಗಿಲ್ಲ. ಅಪ್ಪ ಅಮ್ಮ ಅಂದ್ಮೇಲೆ ಪಕ್ಷಪಾತ ಇದ್ದೇ ಇರ್ತದೆ.” ನನ್ನ ಮಗಳು ಏನೋ ಹೇಳಲು ಹೋದಳು. “ನಿಯಮ ಅಂದ್ರೆ ನಿಯಮ” ಎಂದು ಬಾಯಿ ಮುಚ್ಚಿಸಿದರು.

ಉಳಿದದ್ದು ಹನ್ನೊಂದು ಮತ. ಅಕ್ಕನ ಮನೆಯವರು ನಾಲ್ವರು, ಮೈದುನನ ಮನೆಯವರು ನಾಲ್ವರು, ನಾನು, ನಮ್ಮವರು, ಅತ್ತೆ. ಮೈದುನನ ಚೀಟಿಯನ್ನು ನಮ್ಮ ಕರಿ ಹಸು ನಾಲಿಗೆ ಚಾಚಿ ಎಳೆದುಕೊಂಡು ತಿಂದುಬಿಟ್ಟಿತು. “ಅದು ರಹಸ್ಯ ಮತದಾನವೇ” ಎಂದು ಒಪ್ಪಿಕೊಂಡು ಮಾವ ಬೇರೆ ಚೀಟಿ ಕೊಟ್ಟರು.

ನನ್ನ ಸರದಿ ಬಂತು. ಹಸುವಿನ ಬಾಲದ ಪಕ್ಕ ನಿಂತು ಯೋಚಿಸಿದೆ. ಅಕ್ಕ ಮುನಿಸಿಕೊಂಡರೆ ಕಾರ್ಯದ ದಿನ ಅಷ್ಟು ಜನಕ್ಕೆ ಹುಳಿ ಮಾಡುವವರು ಯಾರು? ಮಾವ ಹೇಗೂ ನಮ್ಮವರೇ, ಅವರೇನು ಬೇಜಾರು ಮಾಡಿಕೊಳ್ಳುವುದಿಲ್ಲ. ಅಕ್ಕನ ಮಗನ ಮುಂದೆ ಒಂದು ಎಂದು ಬರೆದೆ. ಮಾವನ ಮುಂದೆ ಎರಡು.

ಮಾವ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಚೀಟಿ ಬಿಡಿಸಿ, ಎತ್ತಿ ತೋರಿಸಿ ಓದಿದರು. ಅಕ್ಕನ ಮಗನಿಗೆ ಐದು. ಮೈದುನನ ಮಗನಿಗೆ ಐದು. ಮಾವನಿಗೆ ಒಂದು.

ಆ ಒಂದು ಅತ್ತೆಯದು. ಬೇರೆ ಯಾರದು ಇದ್ದೀತು?

ಉಳಿದ ಹತ್ತು ಚೀಟಿಗಳಲ್ಲೂ ಅವರ ಹೆಸರಿನ ಮುಂದೆ ನೇರಳೆ ಬಣ್ಣದ ಎರಡು. ಹತ್ತಕ್ಕೆ ಹತ್ತು! ನಾವೆಲ್ಲ ನಮ್ಮ ನಮ್ಮ ಮನೆಯ ಮರ್ಯಾದೆಗೆ ಒಂದು ಬರೆದು, ‘ಮಾವ ಹೇಗೂ ನಮ್ಮವರೇ’ ಎಂದುಕೊಂಡು ಎರಡು ಬರೆದಿದ್ದೆವು.

ಮಾವ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಎದ್ದು ನಿಂತು ಮೇಷ್ಟ್ರ ಗಂಟಲಿನಲ್ಲಿ ಓದಿದರು: “ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಂದಿಲ್ಲ. ಅತಿ ಕಡಿಮೆ ಮತ ಪಡೆದ ಅಭ್ಯರ್ಥಿಯನ್ನು ಹೊರಗಿಡಲಾಗಿದೆ.” ತಮ್ಮನ್ನೇ! ಅತ್ತೆಯ ಚೀಟಿಯನ್ನು ಅದರ ಎರಡನೇ ಪ್ರಾಶಸ್ತ್ಯದಂತೆ ಅಕ್ಕನ ಮಗನಿಗೆ ದಾಟಿಸಿದರು. ಆರಕ್ಕೆ ಐದು. ಅಕ್ಕನ ಮಗ ಗೆದ್ದ. ಅಕ್ಕನ ಮನೆಯವರು ಚಪ್ಪಾಳೆ ತಟ್ಟಿದರು.

ವೈಂಡರ್ ಅಣ್ಣ ಚಪ್ಪಾಳೆ ತಟ್ಟಲಿಲ್ಲ. ಇಷ್ಟು ವರ್ಷದ ವಾದ ಗೆದ್ದಿದ್ದರು, ಒಂದು ನಗೆಯನ್ನಾದರೂ ನಗಬಹುದಿತ್ತು. ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಇನ್ನೊಂದು ಸಲ ಎಣಿಸೋಣ ಸಾರ್. ಎಲ್ಲೋ ತಪ್ಪಾಗಿರ್ತದೆ” ಎಂದರು.

“ತಪ್ಪಿಲ್ಲ ಕಣಯ್ಯ. ಸರಿಯಾಗೈತೆ” ಎಂದರು ಮಾವ. ಚೀಟಿಗಳನ್ನು ನೀಟಾಗಿ ಜೋಡಿಸಿ ನನ್ನ ಕೈಗೆ ಕೊಡುತ್ತ ಮೆಲ್ಲಗೆ ಹೇಳಿದರು: “ಬಾದಾಮಿ ಹಾಲು ಚೆಲ್ಲೋಯ್ತು ಕಣಮ್ಮಯ್ಯ.” ಹೇಳಿ ನಕ್ಕರು. ಮಧ್ಯಾಹ್ನ ಊಟಕ್ಕೆ ಏನು ಬೇಕು ಎಂದು ಕೇಳಿದರೆ, “ಏನಾದ್ರೂ ಸರಿ” ಎಂದುಬಿಟ್ಟರು. ಒಂದಿಲ್ಲ, ಎರಡಿಲ್ಲ, ಮೂರಿಲ್ಲ!

ಅವರು ಹೋದ ಮೇಲೆ ಮಗಳು ಅಡುಗೆಮನೆಗೆ ಬಂದು ಹೇಳಿದಳು: “ನನ್ನ ಕೈಗೆ ಪೆನ್ನು ಕೊಟ್ಟಿದ್ರೆ ತಾತಂಗೇ ಒಂದು ಬರೀತಿದ್ದೆ ಅಮ್ಮ. ಅದನ್ನೇ ಯೋಳಕ್ಕೆ ಓದೆ, ಬಾಯಿ ಮುಚ್ಚಿಸಿದ್ರು.” ಚೀಟಿಗಳನ್ನು ಎಸೆಯಲು ಮನಸ್ಸಾಗದೆ ಉಪ್ಪಿನ ಜಾಡಿಯ ಹಿಂದೆ ಇಟ್ಟೆ. ಆ ವಾರವಿಡೀ ಉಪ್ಪಿಗೆ ಕೈ ಹಾಕಿದಾಗಲೆಲ್ಲ ನನ್ನದೇ ಅಕ್ಷರದ ಎರಡು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ನನಗೆ ಆ ಅಂಕಿ ತಿದ್ದಿಸಿದವರೂ ಮಾವನೇ.

ಕಾರ್ಯದ ದಿನ ಬಂತು. ಅಕ್ಕ ಬಂದು ಹುಳಿ ಮಾಡಿದಳು, ಚೆನ್ನಾಗಿಯೇ ಇತ್ತು. ಬಂಗಾರಪೇಟೆಯಿಂದ ಅಕ್ಕಸಾಲಿ ಬಂದ, ನನ್ನ ಮಗಳ ಕಿವಿ ಚುಚ್ಚಿದ ಅದೇ ಮುದುಕ. ಮಾವ ಇಸ್ತ್ರಿ ಮಾಡಿದ ಹೊಸ ಪಂಚೆ ಉಟ್ಟು, ಜನರ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದರು, ವೈಂಡರ್ ಅಣ್ಣನ ಪಕ್ಕದಲ್ಲಿ. ಅಕ್ಕನ ಮಗ ಮಣೆಯ ಮೇಲೆ ಕೂತ. ಕೂಸನ್ನು ತೊಡೆಯ ಮೇಲೆ ಇಟ್ಟರು. ಬಲಗಿವಿ ಚುಚ್ಚಿದ್ದಾಯಿತು. ಕೂಸು ಮನೆ ಹಾರಿಹೋಗುವಂತೆ ಕಿರುಚಿತು, ಅವನ ಹೊಸ ಪ್ಯಾಂಟನ್ನು ಪೂರ್ತಿ ಒದ್ದೆ ಮಾಡಿತು. ಅಕ್ಕಸಾಲಿ ಎಡಗಿವಿಗೆ ಕೈ ಹಾಕಿದ.

“ನಿಲ್ಲಪ್ಪ” ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ನಾಲ್ಕು ಜನರೆದುರು ನಾನು ಹೀಗೆ ಗಂಟಲೆತ್ತಿದವಳಲ್ಲ. “ಒಂದನೇ ಕಿವಿ ಒಂದನೇ ಪ್ರಾಶಸ್ತ್ಯಕ್ಕೆ ಆಯ್ತು. ಎರಡನೇ ಕಿವಿ ಎರಡನೇ ಪ್ರಾಶಸ್ತ್ಯಕ್ಕೆ. ಮಾವಂಗೆ ಎರಡು ಬರೆದೋರೆಲ್ಲ ಕೈ ಎತ್ತಿ.”

ಮೊದಲು ನಮ್ಮವರ ಕೈ ಎದ್ದಿತು. ಎರಡನೇ ಪ್ರಾಶಸ್ತ್ಯದ ಬೆಲೆ ಅವರಿಗಲ್ಲದೆ ಇನ್ಯಾರಿಗೆ ಗೊತ್ತು? ಆಮೇಲೆ ಅಕ್ಕ. ಆಮೇಲೆ ಮೈದುನ. ಒಂದೊಂದಾಗಿ ನನ್ನದೂ ಸೇರಿ ಹತ್ತು ಜನರ ಕೈ. ಒದ್ದೆ ಪ್ಯಾಂಟಿನ ಅಕ್ಕನ ಮಗ ಎರಡೂ ಕೈ ಎತ್ತಿದ್ದ.

“ಏಯ್, ಇದು ನಿಯಮದಲ್ಲಿಲ್ಲ!” ಕಂಬದ ಹತ್ತಿರದಿಂದ ಮಾವ ಕೂಗಿದರು. “ಒಂದ್ಸಲ ಹೊರಗಿಟ್ಟ ಅಭ್ಯರ್ಥಿ ಮತ್ತೆ ಒಳಗೆ ಬರಂಗಿಲ್ಲ! ಕಾನೂನು ಒಪ್ಪಲ್ಲ!”

“ಕಾನೂನು ನಿಮ್ಮ ಅರ್ಜೀಲಿ ಇರಲಿ ಸಾರ್” ಎಂದು ವೈಂಡರ್ ಅಣ್ಣ ಅವರ ಬೆನ್ನಿಗೆ ಕೈ ಹಚ್ಚಿ ಮುಂದಕ್ಕೆ ದೂಡಿದರು. “ಬಾದಾಮಿ ಹಾಲು ಆರೋಗ್ತದೆ, ಕೂತ್ಕೊಳ್ಳಿ.”

“ಪಂಚೆ ಒದ್ದೆಯಾದ್ರೆ ನಾನು ಒಗೀತೀನಿ, ಕೂತ್ಕೊಳ್ರೀ ಅತ್ಲಾಗಿ!” ಎಂದರು ಅತ್ತೆ.

ಮಾವ ಮಣೆಯ ಮೇಲೆ ಕೂತರು. ಮತ ಹಾಕಲು ಅವಕಾಶ ಸಿಗದ ನನ್ನ ಮಗಳೇ ಕೂಸನ್ನು ಎತ್ತಿ ತಂದು ಅವರ ತೊಡೆಯ ಮೇಲೆ ಇಟ್ಟಳು. ಕೂಸೇನೂ ಅಳು ನಿಲ್ಲಿಸಲಿಲ್ಲ. ಮಾವ ಅದರ ತಲೆಯನ್ನು ಎದೆಗೆ ಒರಗಿಸಿ, ಚುಚ್ಚಿದ ಕಿವಿಯ ಮೇಲೆ ಅಂಗೈ ಮುಚ್ಚಿದರು. ಅಕ್ಕಸಾಲಿ ಸೂಜಿ ಹಿಡಿದು ಅವರ ಮುಖ ನೋಡಿದ. “ಅದೇ ಲೆಕ್ಕನಾ ಮೇಷ್ಟ್ರೇ?”

ಮಾವ ತಲೆಯಾಡಿಸಿದರು. ಕೂಸಿನ ಕಿವಿಯ ಹತ್ತಿರ ಬಾಗಿದರು.

“ಮೂರು ಎಣಿಸ್ತೀನಿ ಕಣಮ್ಮ, ಎದರ್ಕೋಬೇಡ. ಒಂದು...”

ನನ್ನ ಕೈ ನನಗೇ ತಿಳಿಯದೆ ನನ್ನ ಓಲೆಯ ಮೇಲೆ ಹೋಗಿತ್ತು. ನೋಡಿದರೆ ಅಕ್ಕನ ಕೈಯೂ ಅವಳ ಕಿವಿಯ ಮೇಲೇ ಇತ್ತು.

“ಎರಡು...”

ಆಗಿಹೋಯಿತು. ಅತ್ತೆ ಕೂಸಿನ ಬಾಯಿಗೆ ಕಲ್ಲುಸಕ್ಕರೆ ಇಟ್ಟರು. ನಾವೆಲ್ಲ ಮಾವನ ಬಾಯನ್ನೇ ನೋಡುತ್ತ ಕಾದೆವು. ಅವರು ಮೂರು ಎನ್ನುವುದನ್ನೇ ಮರೆತು ಪಂಚೆಯ ಅಂಚಿನಲ್ಲಿ ಕೂಸಿನ ಕಣ್ಣು ಒರೆಸುತ್ತಿದ್ದರು.